30×40 ಸೈಟಿನಲ್ಲಿ ಪರಿಸರಸ್ನೇಹಿ ಮನೆ: ಮಣ್ಣಿನ ಪರೀಕ್ಷೆಯಿಂದ ಸ್ನಾನದ ನೀರಿನ ತನಕ

ಚಾವಣಿ ಮೇಲೆ ನಾಲ್ಕು ಸೋಲಾರ್ ಪ್ಯಾನೆಲ್, ಬಾಲ್ಕನಿಯಲ್ಲಿ ಹತ್ತು ಕುಂಡ ಇಟ್ಟರೆ ಪರಿಸರಸ್ನೇಹಿ ಮನೆಯಾಯಿತು ಎಂದುಕೊಳ್ಳುವವರೇ ಜಾಸ್ತಿ. ಅವೆರಡನ್ನೂ ಗೃಹಪ್ರವೇಶ ಮುಗಿದ ಮೇಲೂ ತರಬಹುದು. ಆಮೇಲೆ ತರಲಾಗದ್ದು ಬೇರೆಯೇ ಇದೆ: ಕಿಟಕಿ ಯಾವ ದಿಕ್ಕಿಗೆ ತೆರೆಯುತ್ತದೆ, ಗೋಡೆ ಯಾವುದರದ್ದು, ಸ್ನಾನದ ನೀರಿಗೂ ಕಮೋಡಿನ ನೀರಿಗೂ ಬೇರೆ ಬೇರೆ ಪೈಪು ಇದೆಯೋ ಇಲ್ಲವೋ. ಇವೆಲ್ಲ ಪಾಯ ತೋಡುವ ಮೊದಲೇ ನಕ್ಷೆಯಲ್ಲಿ ಇರಬೇಕು. ಗಾರೆ ಮುಗಿದ ಮೇಲೆ ನೆನಪಾದರೆ ಒಡೆಯುವುದೊಂದೇ ದಾರಿ.

ಇಲ್ಲಿ ಬೆಂಗಳೂರಿನ 30×40 ಅಡಿ ಸೈಟೊಂದನ್ನು ಮುಂದಿಟ್ಟುಕೊಂಡು, ಕೆಲಸ ನಡೆಯುವ ಕ್ರಮದಲ್ಲೇ ವಿವರ ಕೊಟ್ಟಿದ್ದೇವೆ. ಸುತ್ತ ಜಾಗ ಬಿಟ್ಟು ಉಳಿದ ಚಾವಣಿ 80 ಚದರ ಮೀಟರ್ (ಸುಮಾರು 860 ಚದರಡಿ), ಮನೆಯಲ್ಲಿ ನಾಲ್ಕು ಜನ ಎಂದು ಲೆಕ್ಕ. ಹಳೆ ಮೈಸೂರು ಭಾಗದ ಕೆಂಪು ಮಣ್ಣಿನ ಊರುಗಳಿಗೆಲ್ಲ ಇದು ಹೆಚ್ಚುಕಡಿಮೆ ಹೊಂದುತ್ತದೆ. ಕರಾವಳಿಯವರು ಮಣ್ಣಿನ ಇಟ್ಟಿಗೆಯ ಹಿಂದೆ ಬೀಳಬೇಕಿಲ್ಲ. ಕೈಗೆ ಸಿಗುವ ಮುರಕಲ್ಲು, ಇಳಿಜಾರು ಹೆಂಚಿನ ಮಾಡು ಅಲ್ಲಿಗೆ ಹೆಚ್ಚು ಸರಿ. ಕಲಬುರಗಿ, ವಿಜಯಪುರದ ಎರೆಮಣ್ಣು ಸಿಮೆಂಟಿಗೆ ಹೊಂದುವುದಿಲ್ಲ, ಅಲ್ಲಿ ಸ್ಥಳೀಯ ಕಲ್ಲೇ ಗತಿ. ಅದು ಒಳ್ಳೆಯ ಗತಿಯೇ.

ಮೊದಲು ಬಿಸಿಲು

ಬೆಂಗಳೂರು ಇರುವುದು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಡಿಸೆಂಬರ್ ಮಧ್ಯಾಹ್ನ ಸೂರ್ಯ ದಕ್ಷಿಣಕ್ಕೆ ವಾಲಿ ಸುಮಾರು 53 ಡಿಗ್ರಿ ಎತ್ತರದಲ್ಲಿರುತ್ತಾನೆ, ಮಾರ್ಚ್ ಮೂರನೇ ವಾರಕ್ಕೆ 77 ಡಿಗ್ರಿಗೆ ಏರಿರುತ್ತಾನೆ. ಈ ಎರಡು ಅಂಕಿಯಿಂದ ದಕ್ಷಿಣದ ಕಿಟಕಿಯ ಸಜ್ಜೆ ಎಷ್ಟಿರಬೇಕು ಎಂಬುದು ಹೊರಡುತ್ತದೆ. 4 ಅಡಿ ಎತ್ತರದ ಕಿಟಕಿಯ ತಲೆಗೇ ಒಂದೂವರೆ ಅಡಿಯ ಸಜ್ಜೆ ಕೊಟ್ಟರೆ ಮಾರ್ಚ್ ನಡುಹಗಲಲ್ಲಿ ಕಿಟಕಿ ಪೂರ್ತಿ ನೆರಳಲ್ಲಿರುತ್ತದೆ, ಡಿಸೆಂಬರಿನಲ್ಲಿ ಕೆಳಗಿನ ಅರ್ಧದಿಂದ ಬಿಸಿಲು ಒಳಗೆ ಬರುತ್ತದೆ. ಬೇಕಾದ್ದೂ ಅದೇ.

ಪಶ್ಚಿಮಕ್ಕೆ ಈ ಲೆಕ್ಕ ನಡೆಯುವುದಿಲ್ಲ. ಏಪ್ರಿಲ್ ತಿಂಗಳ ಸಂಜೆ ನಾಲ್ಕರ ಬಿಸಿಲು ಸಜ್ಜೆಯ ಕೆಳಗಿಂದ ನೇರ ನುಗ್ಗುತ್ತದೆ. ಎರಡಡಿಯಲ್ಲ, ಮೂರಡಿ ಸಜ್ಜೆ ಹಾಕಿದರೂ ತಡೆಯದು. ಆ ಬದಿಗೆ ಮೆಟ್ಟಿಲು, ಬಚ್ಚಲು, ಸ್ಟೋರ್ ರೂಮು ತಳ್ಳಿ. ಕಿಟಕಿ ಬೇಕೇ ಬೇಕಾದರೆ ಜಾಲಿ ಗೋಡೆ ಅಥವಾ ನಿಲುವು ಪಟ್ಟಿ ಕೊಡಿ. ವಾಸ್ತು ನೋಡುವವರಿಗೂ ಇದರಿಂದ ಅಡ್ಡಿಯಿಲ್ಲ: ನೈಋತ್ಯದಲ್ಲೇ ಮಲಗುವ ಕೋಣೆ ಬರಲಿ, ಅದರ ದೊಡ್ಡ ಕಿಟಕಿ ಮಾತ್ರ ದಕ್ಷಿಣಕ್ಕಿರಲಿ.

ಗಾಳಿಗೆ ಎದುರುಬದುರು ಕಿಟಕಿ ಬೇಕು ಎಂಬುದು ಎಲ್ಲರಿಗೂ ಗೊತ್ತು. ಆಮೇಲೆ ಸೊಳ್ಳೆ ಪರದೆ ಹಾಕುತ್ತೇವೆ, ಅರ್ಧ ಗಾಳಿ ಅಲ್ಲೇ ನಿಂತುಹೋಗುತ್ತದೆ. ಅದಕ್ಕೇ ಪರದೆ ಬರುವ ಕಿಟಕಿಯನ್ನು ಮೊದಲೇ ಒಂದು ಗೇಣು ದೊಡ್ಡದಾಗಿ ಬರೆಸಿ. ಮೆಟ್ಟಿಲ ತಲೆಯಲ್ಲಿ ಚಾವಣಿಗೆ ತಾಗಿದಂತೆ ಒಂದು ಜಾಲಿ ಕಿಂಡಿ ಇದ್ದರೆ ಮೇಲೇರಿದ ಬಿಸಿಗಾಳಿ ಹೊರಹೋಗುತ್ತದೆ.

ಗೋಡೆಯ ಮಣ್ಣು

ಹೊಲದ ಫಲವತ್ತಾದ ಮೇಲ್ಮಣ್ಣನ್ನು ಕೆರೆದು, ಸೌದೆ ಉರಿಸಿ ಇಟ್ಟಿಗೆ ಸುಟ್ಟು, ಲಾರಿಯಲ್ಲಿ ತರುವ ಬದಲು ಪಾಯ ತೋಡಿದ ಮಣ್ಣನ್ನೇ ಒತ್ತಿ ಇಟ್ಟಿಗೆ ಮಾಡಬಹುದು. 1974ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಶುರುವಾದ ಗ್ರಾಮೀಣ ತಂತ್ರಜ್ಞಾನದ ‘ಅಸ್ತ್ರ’ ಕೇಂದ್ರವನ್ನು ಅಸ್ತ್ರ ಒಲೆಯಿಂದಾಗಿ ಹಳ್ಳಿಗಳಲ್ಲೂ ಬಲ್ಲರು. ಕೈಯಿಂದ ಒತ್ತುವ ಮರ್ದಿನಿ ಯಂತ್ರವೂ ಅಲ್ಲಿಂದಲೇ ಬಂದದ್ದು. ಬೆಂಕಿ ಬೇಡ, 100 ಕಿಲೋ ಮಣ್ಣಿಗೆ 7 ಕಿಲೋ ಸಿಮೆಂಟ್ ಸಾಕು.

ಎಲ್ಲ ಮಣ್ಣೂ ಆಗುವುದಿಲ್ಲ. ಮೇಲಿನ ಒಂದು, ಒಂದೂವರೆ ಅಡಿ ಮಣ್ಣನ್ನು ತೋಟಕ್ಕೆಂದು ಬೇರೆ ರಾಶಿ ಹಾಕಿಸಿ. ಅದರಲ್ಲಿ ಬೇರು, ಗೊಬ್ಬರ ಇರುವುದರಿಂದ ಇಟ್ಟಿಗೆಗೆ ಕೂಡದು. ಕೆಳಗಿನ ಮಣ್ಣನ್ನು ಒಂದು ಗಾಜಿನ ಬಾಟಲಿಗೆ ಮೂರನೇ ಒಂದು ಭಾಗ ತುಂಬಿ, ನೀರು ಹಾಕಿ, ಚಿಟಿಕೆ ಉಪ್ಪು ಸೇರಿಸಿ ಚೆನ್ನಾಗಿ ಕುಲುಕಿ. ಗಂಟೆ ಬಿಟ್ಟು ಇನ್ನೊಮ್ಮೆ ಕುಲುಕಿ ಅಲುಗಾಡಿಸದೆ ಇಡಿ. ಮರಳು ಒಂದೆರಡು ನಿಮಿಷದಲ್ಲಿ ತಳ ಸೇರುತ್ತದೆ, ಅದರ ಮೇಲೆ ಗೋಡುಮಣ್ಣು, ಮರುದಿನಕ್ಕೆ ಜೇಡಿಯ ನುಣ್ಣನೆ ಪದರ. ಮರಳು ಮೂರರಲ್ಲಿ ಎರಡು ಪಾಲು, ಜೇಡಿ ನೂರಕ್ಕೆ 10ರಿಂದ 15 ಭಾಗ ಇದ್ದರೆ ಸರಿ. ನೀರಿನಲ್ಲಿ ಜೇಡಿ ಉಬ್ಬುವುದರಿಂದ ಬಾಟಲಿಯಲ್ಲಿ ಅದು ಇರುವುದಕ್ಕಿಂತ ಹೆಚ್ಚಾಗಿ ಕಾಣುತ್ತದೆ, ಅದೊಂದು ನೆನಪಿರಲಿ. ಬೆಂಗಳೂರಿನ ಸುತ್ತಿನ ಕೆಂಪು ಮಣ್ಣಿನಲ್ಲಿ ಸಾಮಾನ್ಯವಾಗಿ ಜೇಡಿ ಜಾಸ್ತಿ, ಅದಕ್ಕೆ ಎಂ-ಸ್ಯಾಂಡ್ ಅಥವಾ ಕ್ರಷರ್ ಪುಡಿ ಬೆರೆಸಬೇಕಾಗುತ್ತದೆ. ಬೆರೆಸಿ ಮತ್ತೆ ಬಾಟಲಿ ಪರೀಕ್ಷೆ ಮಾಡಿ.

ಇನ್ನು ಲೆಕ್ಕ. ಇಟ್ಟಿಗೆಯ ಅಳತೆ 230×190×100 ಮಿಲಿಮೀಟರ್. 190 ಮಿ.ಮೀ. ದಪ್ಪದ ಗೋಡೆಗೆ ಚದರ ಮೀಟರಿಗೆ 37 ಇಟ್ಟಿಗೆ ಬೇಕು. ಒಂದು ಅಂತಸ್ತಿಗೆ 150 ಚದರ ಮೀಟರ್ ಗೋಡೆ ಬಂದರೆ 5,500. ಒಣಗಿದ ಇಟ್ಟಿಗೆ ಒಂದಕ್ಕೆ ಸುಮಾರು 8 ಕಿಲೋ, ಅಂದರೆ 50 ಕಿಲೋ ಚೀಲ ಸಿಮೆಂಟಿಗೆ 90 ಇಟ್ಟಿಗೆ, ಒಟ್ಟು 61 ಚೀಲ. ಮಣ್ಣು, ಮರಳು ಸೇರಿ ಸುಮಾರು 41 ಟನ್. ಪಾಯ, ಸಂಪು ಎರಡನ್ನೂ ತೋಡಿದರೆ ಇಷ್ಟು ಮಣ್ಣು ಸೈಟಿನಲ್ಲೇ ಹುಟ್ಟುತ್ತದೆ. ಒಂದೇ ಕಷ್ಟ, ಅದನ್ನು ರಾಶಿ ಹಾಕಲು, ಇಟ್ಟಿಗೆ ಒಟ್ಟಲು ಜಾಗ ಬೇಕು. ಪಕ್ಕದ ಸೈಟ್ ಖಾಲಿ ಇದ್ದರೆ ಅದರ ಮಾಲೀಕರನ್ನು ಈಗಲೇ ಮಾತಾಡಿಸಿಟ್ಟುಕೊಳ್ಳಿ.

ಮಣ್ಣನ್ನು 5 ಮಿ.ಮೀ. ಜರಡಿ ಹಿಡಿದು, ಸಿಮೆಂಟ್ ಒಣದಾಗಿಯೇ ಬಣ್ಣ ಒಂದಾಗುವವರೆಗೆ ಬೆರೆಸಿ, ಆಮೇಲೆ ನೀರು ಚಿಮುಕಿಸಬೇಕು. ಎಷ್ಟು ನೀರು? ಒಂದು ಹಿಡಿ ಮುಷ್ಟಿಯಲ್ಲಿ ಒತ್ತಿ ಉಂಡೆ ಮಾಡಿ, ಎದೆಮಟ್ಟದಿಂದ ಗಟ್ಟಿ ನೆಲಕ್ಕೆ ಬಿಡಿ. ನಾಲ್ಕೈದು ತುಂಡಾದರೆ ಹದ. ಚಪ್ಪಟೆಯಾಗಿ ಅಂಟಿಕೊಂಡರೆ ನೀರು ಹೆಚ್ಚು, ಪುಡಿಪುಡಿಯಾದರೆ ಕಡಿಮೆ. ಪ್ರತಿ ಇಟ್ಟಿಗೆಗೂ ಹದವಾದ ಮಣ್ಣು 8.7 ಕಿಲೋ ತೂಗಿಯೇ ಅಚ್ಚಿಗೆ ಸುರಿಯಬೇಕು. ಇಲ್ಲೇ ಹೆಚ್ಚಿನವರು ಎಡವುವುದು. ತಕ್ಕಡಿ ಪಕ್ಕಕ್ಕಿಟ್ಟು ಬಾಂಡ್ಲಿಯ ಅಂದಾಜಿಗೆ ಇಳಿದರೆ ಒಂದು ಕಿಲೋ ಕಡಿಮೆಯಾದದ್ದು ಕಣ್ಣಿಗೆ ಕಾಣುವುದಿಲ್ಲ, ಇಟ್ಟಿಗೆ ಅಷ್ಟೇ ಗಾತ್ರಕ್ಕೆ ಬರುತ್ತದೆ. ಒಳಗೆ ಮಾತ್ರ ಟೊಳ್ಳು. ಮೊದಲ ಮಳೆಗಾಲಕ್ಕೆ ಅದರ ಮೂಲೆಗಳು ಬಿಸ್ಕತ್ತಿನ ಹಾಗೆ ಉದುರುತ್ತವೆ.

ಆರೇಳು ಜನರ ತಂಡ ದಿನಕ್ಕೆ 400ರಿಂದ 500 ಒತ್ತಬಲ್ಲದು. ನೀರು ಬಿದ್ದ ಸಿಮೆಂಟ್ ಗಂಟೆಯೊಳಗೆ ಅಚ್ಚಿಗೆ ಹೋಗಬೇಕಾದ್ದರಿಂದ ಒಮ್ಮೆಗೆ ಅರ್ಧ ಚೀಲಕ್ಕಿಂತ ಹೆಚ್ಚು ಕಲಸಬೇಡಿ. ಅರ್ಧ ಚೀಲ ಎಂದರೆ 45 ಇಟ್ಟಿಗೆ, ಸರಿಯಾಗಿ ಒಂದು ಗಂಟೆಯ ಕೆಲಸ. ಊಟಕ್ಕೆ ಏಳುವ ಮುಂಚೆ ಕಲಸಿಟ್ಟ ರಾಶಿಯನ್ನು ಎಸೆಯುವುದೇ ಲೇಸು. ಒತ್ತಿದ ಇಟ್ಟಿಗೆಯನ್ನು ನೆರಳಲ್ಲಿ ಐದಾರು ವರಸೆ ಒಟ್ಟಿ, ಗೋಣಿ ಅಥವಾ ಹುಲ್ಲು ಹೊದಿಸಿ, 21 ದಿನ ತೇವ ಆರದಂತೆ ನೀರು ಹಾಯಿಸಿ. ಹತ್ತು ಇಟ್ಟಿಗೆಯನ್ನು ಹತ್ತಿರದ ಎಂಜಿನಿಯರಿಂಗ್ ಕಾಲೇಜಿನ ಲ್ಯಾಬಿಗೆ ಒಯ್ದು ನೆನೆಸಿದ ಸ್ಥಿತಿಯಲ್ಲಿ ಎಷ್ಟು ಒತ್ತಡ ತಾಳುತ್ತದೆ ಎಂದು ಪರೀಕ್ಷೆ ಮಾಡಿಸಿ. 3 ಮೆಗಾಪ್ಯಾಸ್ಕಲ್ ದಾಟಿದರೆ ಎರಡು ಅಂತಸ್ತಿನ ಮನೆಗೆ ಧೈರ್ಯವಾಗಿ ಮುಂದುವರಿಯಬಹುದು. ಒಣ ಇಟ್ಟಿಗೆಯ ಅಂಕಿ ತೋರಿಸಿ ಮಾರುವವರ ಮಾತು ನಂಬಬೇಡಿ.

ಕಟ್ಟುವ ಗಾರೆ ಇಟ್ಟಿಗೆಗಿಂತ ಮೆತ್ತಗಿರಬೇಕು. ಸಿಮೆಂಟ್ 1, ಜರಡಿ ಹಿಡಿದ ಮಣ್ಣು 2, ಮರಳು 6 ಸಾಕು. ‘ಸ್ಟ್ರಾಂಗ್ ಆಗಿರಲಿ ಸಾರ್’ ಎಂದು ಮೇಸ್ತ್ರಿ 1:4 ಸಿಮೆಂಟ್ ಗಾರೆ ಕಲಸಿದರೆ ಮುಂದೆ ಬಿರುಕು ಸಂದಿಯಲ್ಲಿ ಬಿಡದೆ ಇಟ್ಟಿಗೆಯನ್ನೇ ಸೀಳುತ್ತದೆ.

ಹೊರಗೋಡೆಗೆ ಗಾರೆ ಬಳಿಯದೆ ಹಾಗೇ ಬಿಡುವುದಾದರೆ ಎರಡು ಷರತ್ತು. ನೆಲದಿಂದ ಕನಿಷ್ಠ ಒಂದೂವರೆ ಅಡಿವರೆಗೆ ಸೈಜುಗಲ್ಲು, ಮೇಲೆ ಚಾವಣಿ ಎರಡಡಿ ಹೊರಚಾಚು. ಹಳಬರು ಹೇಳುವ ‘ಟೋಪಿ, ಬೂಟು’ ಇದೇ. ಮುಂಗಾರು ಇಲ್ಲಿ ನೈಋತ್ಯ, ಪಶ್ಚಿಮದಿಂದ ಬೀಸಿ ಹೊಡೆಯುತ್ತದೆ. ದಕ್ಷಿಣ, ಪಶ್ಚಿಮದ ಎರಡು ಗೋಡೆಗೆ ಮಾತ್ರ ಗಾರೆ ಮಾಡಿಸಿದರೂ ತಪ್ಪಲ್ಲ. ಮತ್ತೆ, ಬೆತ್ತಲೆ ಗೋಡೆಯಲ್ಲಿ ಎಲೆಕ್ಟ್ರಿಷಿಯನ್ ಗ್ರೂವ್ ಕೊರೆದರೆ ಮುಚ್ಚಲು ಪುಟ್ಟಿ ಇಲ್ಲ. ಪ್ರತಿ ಸ್ವಿಚ್‌ಬೋರ್ಡಿನ ಜಾಗ ಗುರುತಿಸಿ, ಕಟ್ಟುತ್ತಾ ಹೋಗುವಾಗಲೇ ಬಾಗಿಲ ಚೌಕಟ್ಟಿನ ಪಕ್ಕ ಪೈಪು ನಿಲ್ಲಿಸಬೇಕು.

ಮಣ್ಣೂ ಜಾಗವೂ ಒದಗದಿದ್ದರೆ ಸುಟ್ಟ ಇಟ್ಟಿಗೆಯಲ್ಲೇ ಇಲಿಬೋನು ಕಟ್ಟು ಕಟ್ಟಿಸಿ. ವಾಸ್ತುಶಿಲ್ಪಿ ಲಾರಿ ಬೇಕರ್ ಕೇರಳದ ತುಂಬ ಹಬ್ಬಿಸಿದ ವಿಧಾನ ಅದು. ಇಟ್ಟಿಗೆಯನ್ನು ಮಗ್ಗುಲಾಗಿ ನಿಲ್ಲಿಸಿ ನಡುವೆ ಪೊಳ್ಳು ಬಿಡುವುದರಿಂದ 9 ಇಂಚಿನ ಗೋಡೆಗೆ ನಾಲ್ಕನೇ ಒಂದು ಭಾಗದಷ್ಟು ಇಟ್ಟಿಗೆ ಉಳಿಯುತ್ತದೆ, ಪೊಳ್ಳಿನ ಗಾಳಿ ಬಿಸಿಲನ್ನು ತಡೆಯುತ್ತದೆ, ವೈರಿನ ಪೈಪೂ ಅದರಲ್ಲೇ ಇಳಿಯುತ್ತದೆ. ಗೊತ್ತಿಲ್ಲದ ಮೇಸ್ತ್ರಿ ಪೊಳ್ಳಿಗೆಲ್ಲ ಗಾರೆ ತುಂಬಿಬಿಡುತ್ತಾರೆ. ಮೊದಲ ನಾಲ್ಕು ವರಸೆಗೆ ಎದುರಿಗೇ ನಿಂತಿರಿ.

ಹೆಂಚು ತುಂಬಿದ ಚಾವಣಿ

ಕಾಂಕ್ರೀಟ್ ಚಾವಣಿಯ ಕೆಳಗಿನ ಅರ್ಧದಲ್ಲಿ ಎಳೆತ ತಡೆಯುವುದು ಕಬ್ಬಿಣ. ಅಲ್ಲಿನ ಕಾಂಕ್ರೀಟ್ ಬಹುಪಾಲು ಬರಿಯ ಭಾರ. ಆ ಜಾಗಕ್ಕೆ ಮಂಗಳೂರು ಹೆಂಚು ಇಟ್ಟರೆ ಸಿಮೆಂಟೂ ಉಳಿಯಿತು, ತೂಕವೂ ಇಳಿಯಿತು. ಫಿಲ್ಲರ್ ಸ್ಲ್ಯಾಬ್ ಎನ್ನುವುದು ಇದಕ್ಕೇ. ಒಡೆದ ಹಳೇ ಮನೆಗಳ ಹೆಂಚು ಗುಜರಿಯಲ್ಲಿ ಸಿಗುತ್ತದೆ. 1865ರಲ್ಲಿ ಬಾಸೆಲ್ ಮಿಶನ್ ಮಂಗಳೂರಿನಲ್ಲಿ ಶುರುಮಾಡಿದ ಉದ್ಯಮದ ಮಾಲಿಗೆ ಇನ್ನೂ ಆಯಸ್ಸಿದೆ.

12×14 ಅಡಿ ಕೋಣೆಗೆ 5 ಇಂಚಿನ ಸ್ಲ್ಯಾಬ್ ಎಂದುಕೊಳ್ಳಿ. ಎರಡು ಹೆಂಚು ಜೋಡಿಸಿದರೆ ಎರಡೂವರೆ ಇಂಚಿನಷ್ಟು ದಪ್ಪ, ನಡುವೆ ಗಾಳಿ. ನಿಮಗೆ ಸಿಕ್ಕ ಹೆಂಚನ್ನು ಅಳೆದು ನೋಡಿ, ಏಕೆಂದರೆ ಅದರ ಮೇಲೆ ಕನಿಷ್ಠ 2 ಇಂಚು ಕಾಂಕ್ರೀಟ್ ಬರಲೇಬೇಕು. ಜೋಡಿಯಿಂದ ಜೋಡಿಗೆ 3ರಿಂದ 4 ಇಂಚು ಅಂತರ, ಕಬ್ಬಿಣ ಹಾಯುವುದು ಆ ಅಂತರದಲ್ಲಿ. ಕಂಬಿಯ ದಪ್ಪ, ಅಂತರ ಎರಡನ್ನೂ ಸ್ಟ್ರಕ್ಚರಲ್ ಎಂಜಿನಿಯರೇ ಬರೆದುಕೊಡಬೇಕು. ಗೋಡೆಯಂಚಿನ ಸುತ್ತ, ಬಚ್ಚಲಿನ ಮೇಲೆ, ಹೊರಚಾಚಿನಲ್ಲಿ, ನೀರಿನ ಟ್ಯಾಂಕಿನ ಅಡಿಯಲ್ಲಿ ಹೆಂಚು ಬೇಡವೇ ಬೇಡ. ಹೀಗೆಲ್ಲ ಬಿಟ್ಟರೂ ಐದನೇ ಒಂದು ಭಾಗ ಕಾಂಕ್ರೀಟ್ ಉಳಿಯುತ್ತದೆ.

ಕೆಡುವುದು ಎಲ್ಲೆಲ್ಲಿ ಎಂದರೆ: ಒಣ ಹೆಂಚು ಕಾಂಕ್ರೀಟಿನ ನೀರು ಹೀರಿ ಪಕ್ಕದಲ್ಲೆಲ್ಲ ಜೇನುಗೂಡಿನಂತೆ ತೂತು ಬೀಳುತ್ತದೆ, ಆದ್ದರಿಂದ ಎರಡು ಗಂಟೆಯಾದರೂ ನೆನೆಸಿಡಿ. ಬಾಂಡ್ಲಿ ಹೊರುವವರು ಹೆಂಚಿನ ಮೇಲೆ ಕಾಲಿಟ್ಟರೆ ಒಡೆಯುತ್ತದೆ, ಓಡಾಡಲು ಹಲಗೆ ಹಾಸಿ. ವೈಬ್ರೇಟರ್ ಸೂಜಿ ತಾಗಿದರೆ ಹೆಂಚು ಸರಿದು ಕಂಬಿಗೆ ಅಂಟಿಕೊಳ್ಳುತ್ತದೆ. ಸೆಂಟ್ರಿಂಗ್ ಹಲಗೆಯ ಮೇಲೆ ಹೆಂಚು ಕುಲುಕದೆ ಕೂರದಿದ್ದರೆ ಸಿಮೆಂಟ್ ಹಾಲು ಅಡಿಗೆ ನುಸುಳಿ, ಕೆಳಗಿಂದ ನೋಡುವಾಗ ಕೆಂಪು ಹೆಂಚಿನ ಮೇಲೆ ಬೂದಿ ಕಲೆ ಉಳಿಯುತ್ತದೆ. ಅದನ್ನು ಉಜ್ಜಿ ತೆಗೆಯುವುದು ವಾರದ ಕೆಲಸ. ಫ್ಯಾನಿನ ಕೊಂಡಿ, ಲೈಟಿನ ಡಬ್ಬಿ ಎಲ್ಲವೂ ಕಾಂಕ್ರೀಟ್ ಪಟ್ಟಿಯಲ್ಲೇ ಬರಲಿ. ಆಮೇಲೆ ಉಯ್ಯಾಲೆ ತೂಗಬೇಕೆಂದು ಹೆಂಚಿಗೆ ಡ್ರಿಲ್ ಮಾಡಿದರೆ ಬೋಲ್ಟ್ ಹಿಡಿಯುವುದು ಗಾಳಿಯನ್ನು.

ಸಿಮೆಂಟ್ ಪಿಪಿಸಿ ಇರಲಿ. ಹಾರುಬೂದಿ ಬೆರೆತದ್ದಾದ್ದರಿಂದ ನಿಧಾನವಾಗಿ ಗಟ್ಟಿಯಾಗುತ್ತದೆ: ಕನಿಷ್ಠ 10 ದಿನ ನೀರು ಕಟ್ಟಿ ನಿಲ್ಲಿಸಿ, 14 ದಿನಕ್ಕೆ ಮೊದಲು ಸೆಂಟ್ರಿಂಗ್ ಬಿಚ್ಚಲು ಬಿಡಬೇಡಿ. ಕೊನೆಗೆ ತಾರಸಿಗೆ ನೂರಕ್ಕೆ ಒಂದರ ಇಳಿಜಾರು ಕೊಟ್ಟು, ಬಿಳಿ ಟೈಲ್ಸ್ ಚೂರು ಹಾಸಿ. ಇಡೀ ದಿನ ಬಿಸಿಲು ಕುಡಿಯುವುದು ಗೋಡೆಯಲ್ಲ, ತಾರಸಿ. ಟೈಲ್ಸಿಗೆ ದುಡ್ಡಿಲ್ಲದಿದ್ದರೆ ಪ್ರತಿ ಫೆಬ್ರುವರಿಗೆ ಎರಡು ಕೈ ಸುಣ್ಣ.

ಮಳೆ ನೀರು

ಬೆಂಗಳೂರಿನ ವಾರ್ಷಿಕ ಮಳೆ ಸರಾಸರಿ 970 ಮಿ.ಮೀ. 80 ಚದರ ಮೀಟರ್ ತಾರಸಿಯ ಮೇಲೆ 1 ಮಿ.ಮೀ. ಬಿದ್ದರೆ 80 ಲೀಟರ್. ಸೋರಿಕೆ, ಆವಿ ಕಳೆದರೂ ವರ್ಷಕ್ಕೆ 66,000 ಲೀಟರ್ ಕೈಗೆ ಸಿಗುತ್ತದೆ. ಜಲಮಂಡಳಿ ಕಾಯ್ದೆಗೆ 2009ರಲ್ಲಾದ ತಿದ್ದುಪಡಿಯಿಂದ 30×40 ಸೈಟಿನ ಹೊಸ ಮನೆಗಳಿಗೂ ಮಳೆನೀರು ಕೊಯ್ಲು ಕಡ್ಡಾಯವಾಯಿತು. ಕಡ್ಡಾಯಕ್ಕೆಂದು ಒಂದು ಡ್ರಮ್ಮು ಹೂತಿಟ್ಟು ಫೋಟೋ ತೆಗೆಸಿಕೊಂಡವರೂ ಉಂಟು.

110 ಮಿ.ಮೀ. ಪೈಪು ಎರಡು ಕಡೆ ಇಳಿಯಲಿ, ಬಾಯಿಗೆ ಎಲೆ ತಡೆಯುವ ಜಾಲರಿ. ಮೊದಲ ಮಳೆ ತಾರಸಿಯ ಧೂಳು, ಪಾರಿವಾಳದ ಹಿಕ್ಕೆ ತೊಳೆದುಕೊಂಡು ಬರುತ್ತದೆ. ಅದನ್ನು ಬೇರೆ ಬಿಡಬೇಕು. ಅಂಗಡಿಯವರು ಇದಕ್ಕೆ ಎರಡು ಮೀಟರ್ ಉದ್ದದ ಒಂದು ಪೈಪು ತುಂಡು ಕೊಡುತ್ತಾರೆ. 110 ಮಿ.ಮೀ. ಪೈಪು ಮೀಟರಿಗೆ ಹಿಡಿಯುವುದು ಎಂಟೂವರೆ ಲೀಟರ್. ನಿಮ್ಮ ತಾರಸಿಯ ಮೊದಲ 2 ಮಿ.ಮೀ. ಮಳೆಯೇ 160 ಲೀಟರ್. 17 ಲೀಟರಿನ ತುಂಡು ಏನು ಮಾಡೀತು? 200 ಲೀಟರ್ ಡ್ರಮ್ ಇಟ್ಟು ಅದು ತುಂಬಿದ ಮೇಲೆ ನೀರು ಫಿಲ್ಟರಿಗೆ ಹೊರಳುವಂತೆ ಮಾಡಿ, ಡ್ರಮ್ಮಿನ ತಳಕ್ಕೊಂದು ಸಣ್ಣ ನಲ್ಲಿ ಕೊಡಿ.

ಫಿಲ್ಟರ್ ದಾಟಿದ್ದು ಸಂಪಿಗೆ, ಸಂಪು ತುಂಬಿ ಹರಿದದ್ದು ಇಂಗುಬಾವಿಗೆ. ಕ್ರಮ ಇದೇ ಇರಲಿ. ಇಂಗುಬಾವಿ 3 ಅಡಿ ಅಗಲ, 20 ಅಡಿ ಆಳ. ಅದರ ಹೊಟ್ಟೆ 4,000 ಲೀಟರ್, 50 ಮಿ.ಮೀ.ನ ಜಡಿಮಳೆಗೆ ನಿಮ್ಮ ತಾರಸಿ ಕೊಡುವುದೂ ಅಷ್ಟೇ. ತೂತಿರುವ ಕಾಂಕ್ರೀಟ್ ಬಳೆಗಳನ್ನು ಗಾರೆ ಹಾಕದೆ ಒಂದರ ಮೇಲೊಂದು ಇಳಿಸಿ, ಬಳೆಗೂ ಮಣ್ಣಿಗೂ ನಡುವೆ ಜಲ್ಲಿ ತುಂಬುತ್ತಾರೆ. ಬಾವಿಯ ಒಳಗೆ ಏನೂ ತುಂಬಬಾರದು. ಜಲ್ಲಿ, ಮರಳು ತುಂಬಿದ ಗುಂಡಿ ಮೂರು ವರ್ಷಕ್ಕೆ ಹೂಳು ಹಿಡಿದು ಸತ್ತುಹೋಗುತ್ತದೆ. ಖಾಲಿ ಬಾವಿಗಾದರೆ ಇಳಿದು ಕೆಸರೆತ್ತಬಹುದು. ಬೆಂಗಳೂರಿನಲ್ಲಿ ಈ ಕೆಲಸ ತಲೆಮಾರುಗಳಿಂದ ಬಲ್ಲವರು ಮಣ್ಣು ವಡ್ಡರು. ಜೆಸಿಬಿಗಿಂತ ಅವರನ್ನು ಕರೆಯಿರಿ. ಮಣ್ಣಿನ ಬಣ್ಣ ನೋಡಿ ಎಲ್ಲಿ ನೀರು ಇಂಗುತ್ತದೆ ಎಂದು ಹೇಳಬಲ್ಲರು. ಬಾವಿ ಪಾಯದಿಂದ ಆರಡಿಯಾದರೂ ದೂರ, ಗೇಟಿನ ಬಳಿ ಇರಲಿ, ಬಾಯಿಗೆ ಬೀಗ ಹಾಕುವ ಮುಚ್ಚಳ ಇರಲಿ. ಜಯನಗರ 5ನೇ ಬ್ಲಾಕಿನ ಸರ್ ಎಂ. ವಿಶ್ವೇಶ್ವರಯ್ಯ ಮಳೆನೀರು ಕೊಯ್ಲು ಉದ್ಯಾನದಲ್ಲಿ ಇವುಗಳ ಮಾದರಿಗಳಿವೆ, ಪ್ಲಂಬರನ್ನೂ ಜೊತೆಗೆ ಕರೆದೊಯ್ಯಿರಿ.

ಬಳಸಿದ ನೀರು, ಬಿಸಿನೀರು

ಸ್ನಾನ ಮತ್ತು ವಾಷಿಂಗ್ ಮೆಷಿನ್ ನೀರಿಗೆ ಒಂದು ಪೈಪು, ಕಮೋಡಿಗೆ ಇನ್ನೊಂದು. ಅಡುಗೆಮನೆಯ ಸಿಂಕಿನಲ್ಲಿ ಜಿಡ್ಡು ಇರುವುದರಿಂದ ಅದು ಕಮೋಡಿನ ಸಾಲಿಗೇ ಹೋಗಲಿ. ನಾಲ್ಕು ಜನರ ಮನೆಯಿಂದ ದಿನಕ್ಕೆ 240 ಲೀಟರ್ ಬಂದೀತು ಎಂದುಕೊಂಡರೆ, ಪಕ್ಕದ ಓಣಿಯಲ್ಲಿ 1 ಮೀಟರ್ ಅಗಲ, 4 ಮೀಟರ್ ಉದ್ದ, 60 ಸೆಂ.ಮೀ. ಆಳದ ನೀರು ಸೋರದ ತೊಟ್ಟಿ ಸಾಕು. 20 ಮಿ.ಮೀ. ಜಲ್ಲಿ ತುಂಬಿ ಕಾಬಾಳೆ, ಜೊಂಡು ನೆಡಿ. ಜಲ್ಲಿಯ ಸಂದಿಗಳಲ್ಲಿ ನೀರು ನಾಲ್ಕು ದಿನ ತಂಗಿ ಹೊರಬರುತ್ತದೆ. ಹೊರಪೈಪಿನ ಮಟ್ಟ ಜಲ್ಲಿಯ ಮೇಲ್ಮೈಗಿಂತ 5 ಸೆಂ.ಮೀ. ಕೆಳಗಿರಬೇಕು, ನೀರು ಮೇಲೆ ಕಂಡರೆ ವಾರದಲ್ಲಿ ಸೊಳ್ಳೆ. ಮೆಷಿನ್ ಪೈಪಿನ ತುದಿಗೆ ಹಳೇ ಕಾಲುಚೀಲ ಕಟ್ಟಿ ಬಟ್ಟೆಯ ನಾರು ಹಿಡಿಯಿರಿ. ಹೊರಬಂದ ನೀರನ್ನು ಅಂದಂದೇ ಗಿಡಕ್ಕೆ ಬಿಡಿ ಅಥವಾ ಫ್ಲಶ್ಶಿನ ಪ್ರತ್ಯೇಕ ಟ್ಯಾಂಕಿಗೆ ಏರಿಸಿ. ಇಂಗುಬಾವಿಗೆ ಮಾತ್ರ ಒಂದು ಹನಿಯೂ ಬೇಡ. ತೊಟ್ಟಿಯನ್ನು ತಾರಸಿಯ ಮೇಲೆ ಕಟ್ಟುವ ಆಸೆ ಇದ್ದರೆ, ಜಲ್ಲಿ, ನೀರು ಸೇರಿ ನಾಲ್ಕೂವರೆಯಿಂದ 5 ಟನ್ ಎಂಬುದನ್ನು ಎಂಜಿನಿಯರಿಗೆ ಮೊದಲೇ ತಿಳಿಸಿ.

ಸೋಲಾರ್ ವಾಟರ್ ಹೀಟರ್ ನಾಲ್ಕು ಜನಕ್ಕೆ 200 ಲೀಟರಿನದು. ಹೀಟರಿನ ಟ್ಯಾಂಕಿಗಿಂತ ತಣ್ಣೀರಿನ ಟ್ಯಾಂಕಿನ ತಳ ಮೇಲಿರಬೇಕು, ಗಾಳಿಪೈಪು ತಣ್ಣೀರ ಟ್ಯಾಂಕಿನ ತಲೆಗಿಂತ ಎತ್ತರಕ್ಕೆ ನಿಲ್ಲಬೇಕು. ಜನ ದೂರುವುದು ‘ನಲ್ಲಿ ಬಿಟ್ಟು ಐದು ನಿಮಿಷವಾದರೂ ತಣ್ಣೀರೇ’ ಎಂದು. ತಪ್ಪು ಹೀಟರಿನದಲ್ಲ, ಪೈಪಿನದು. ಮುಕ್ಕಾಲು ಇಂಚಿನ ಸಿಪಿವಿಸಿ ಪೈಪು 15 ಮೀಟರ್ ಓಡಿದರೆ ಅದರಲ್ಲಿ ನಿಂತ ತಣ್ಣೀರು ಸುಮಾರು 4 ಲೀಟರ್, ಪ್ರತಿ ಸ್ನಾನಕ್ಕೂ ಅಷ್ಟು ಚರಂಡಿಗೆ. ಒಂದೇ ಬಚ್ಚಲಿಗೆ ಹೋಗುವ ಸಾಲನ್ನು ಅರ್ಧ ಇಂಚಿಗೆ ಇಳಿಸಿದರೆ ಎರಡು ಲೀಟರಿಗಿಂತ ಕಡಿಮೆ. ಅದಕ್ಕಿಂತ ಮೇಲು, ಬಚ್ಚಲುಗಳನ್ನು ಒಂದರ ಮೇಲೊಂದು ಇಟ್ಟು ಹೀಟರನ್ನು ನೇರ ಅವುಗಳ ತಲೆಯ ಮೇಲೆ ಕೂರಿಸುವುದು. ಪೈಪಿಗೆ ಫೋಮ್ ಹೊದಿಕೆ ಮರೆಯಬೇಡಿ.

ವಿದ್ಯುತ್ ಪ್ಯಾನೆಲ್ ವಿಷಯದಲ್ಲಿ ಅವಸರ ಬೇಡ. 1 ಕಿಲೋವ್ಯಾಟಿಗೆ ನೆರಳು ಬೀಳದ 100 ಚದರಡಿ ಬೇಕು, ದಿನಕ್ಕೆ ನಾಲ್ಕು ಯೂನಿಟ್ ಆಚೀಚೆ ಬರುತ್ತದೆ. ಪಿಎಂ ಸೂರ್ಯ ಘರ್ ಯೋಜನೆ 2024ರಲ್ಲಿ ಶುರುವಾದಾಗ 2 ಕಿಲೋವ್ಯಾಟಿಗೆ 60,000, 3 ಮತ್ತು ಅದಕ್ಕೂ ಮೇಲ್ಪಟ್ಟು 78,000 ರೂಪಾಯಿ ಸಹಾಯಧನ ಗೊತ್ತುಮಾಡಿತ್ತು. ಆದರೆ ಗೃಹಜ್ಯೋತಿಯ 200 ಯೂನಿಟ್ ಮಿತಿಯೊಳಗೆ ಸೊನ್ನೆ ಬಿಲ್ ಬರುವ ಮನೆಗೆ ಇದರಿಂದ ದುಡ್ಡಿನ ಲಾಭ ಕಾಣುವುದಿಲ್ಲ. ಮೊದಲು 75 ವ್ಯಾಟಿನ ಹಳೇ ಫ್ಯಾನುಗಳನ್ನು 30 ವ್ಯಾಟಿನ ಬಿಎಲ್‌ಡಿಸಿಗೆ ಬದಲಿಸಿ. ಈಗ ಪ್ಯಾನೆಲ್ ಹಾಕದಿದ್ದರೂ ತಾರಸಿಯಿಂದ ಮೀಟರಿನವರೆಗೆ ಒಂದು ಖಾಲಿ ಪೈಪು ಇಳಿಸಿಡಿ.

ಸ್ಲ್ಯಾಬಿಗೆ ಕಾಂಕ್ರೀಟ್ ಸುರಿಯುವ ಹಿಂದಿನ ಸಂಜೆ, ನೆಲ ಮುಚ್ಚುವ ಹಿಂದಿನ ಸಂಜೆ, ಈ ಎಲ್ಲ ಪೈಪುಗಳ ಪಕ್ಕ ಟೇಪು ಹಿಡಿದು ಫೋಟೋ ತೆಗೆಯಿರಿ. ಗೋಡೆಯಿಂದ ಎಷ್ಟು ಅಡಿ, ಯಾವ ಪೈಪು ಯಾವುದಕ್ಕೆ ಎಂದು ಒಂದು ಹಾಳೆಯಲ್ಲಿ ಬರೆದು ಮೀಟರ್ ಪೆಟ್ಟಿಗೆಯ ಬಾಗಿಲ ಒಳಮೈಗೆ ಅಂಟಿಸಿ. ಹತ್ತು ವರ್ಷದ ಮೇಲೆ ಬರುವ ಪ್ಲಂಬರ್ ಬೇರೆಯವನು. ಸ್ನಾನದ ನೀರಿನ ಪೈಪನ್ನು ಸಂಪಿಗೆ ಸೇರಿಸಿಬಿಡಲು ಅವನಿಗೆ ಅರ್ಧ ಗಂಟೆ ಸಾಕು.